ಬೇದಿ ಅಂದೆವು, ಬೇದಿಗೆ ಬರೆದರು

ಮೊದಲೇ ಹೇಳಿಬಿಡುತ್ತೇನೆ, ಇದು ಕಕ್ಕಸಿನ ವಿಷಯ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಂಡೇ ಓದಿ. ಹನ್ನೊಂದು ತಿಂಗಳು ನನ್ನ ಮಗಳ ಹತ್ತಿರ ಬಂದವರೆಲ್ಲ ಮೂಗು ಮುಚ್ಚಿಕೊಂಡೇ ಮಾತಾಡಿದರು. ಅವರಲ್ಲಿ ಔಷಧಿ ಬರೆದುಕೊಟ್ಟವರೂ ಇದ್ದರು. ಪಲ್ಲವಿಗೆ ಆಗ ಆರು ವರ್ಷ, ಈಗ ಒಂಬತ್ತು. ಬರೆಯಲೇ ಎಂದು ಅವಳನ್ನೇ ಕೇಳಿದೆ. "ಬರಿ, ಆದ್ರೆ ನಮ್ ಸ್ಕೂಲ್ ಎಸ್ರು ಬರೀಬೇಡ" ಅಂದಳು. ಬರೆಯುವುದಿಲ್ಲ.

ನಮ್ಮದು ಬೂದಿಕೋಟೆ ಕಡೆಯ ಒಂದು ಹಳ್ಳಿ. ನಾನು ಊರಿನ ಹಾಲಿನ ಡೈರಿಯಲ್ಲಿ ಪರೀಕ್ಷೆ ಮಾಡುವವಳು. ಬೆಳಿಗ್ಗೆ, ಸಾಯಂಕಾಲ ಎರಡು ಹೊತ್ತೂ ಯಾರು ಎಷ್ಟು ಹಾಲು ತಂದರು, ಅದರಲ್ಲಿ ಕೊಬ್ಬೆಷ್ಟು, ನೀರೆಷ್ಟು ನೋಡಿ ಬರೆಯಬೇಕು. ನನ್ನ ಗಂಡ ವೆಂಕಟೇಶ್ ಗಾರೆ ಕೆಲಸದವರು. ಕೆಲಸ ಬಂಗಾರಪೇಟೆಯಲ್ಲಿ ಸಿಕ್ಕರೆ ಅಲ್ಲಿ, ರಾಬರ್ಟ್‌ಸನ್‌ಪೇಟೆಯಲ್ಲಿ ಸಿಕ್ಕರೆ ಅಲ್ಲಿ. ಮನೆಯಲ್ಲಿ ಅತ್ತೆ ಇದ್ದಾರೆ. ಪಲ್ಲವಿ ಒಬ್ಬಳೇ ಮಗಳು.

ಒಂದನೇ ಕ್ಲಾಸಿಗೆ ಸೇರಿಸಿ ಎರಡು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ಸ್ಕೂಲಿನಿಂದ ಹೇಳಿಕಳಿಸಿದರು. ಹೋಗಿ ನೋಡಿದರೆ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಾಳೆ, ಲಂಗದ ಹಿಂಭಾಗ ಒದ್ದೆ, ಕಾಲ ಮೇಲೆ ಕಂದು ಗೆರೆ. ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದಳೋ. ಮೇಡಮ್ಮು ಕಿಟಕಿಯಿಂದಲೇ ಹೇಳಿದರು: "ಬೇದಿ ಆಗ್ತಾ ಇದೆ. ವಾಸಿ ಆದ್ಮೇಲೆ ಕಳಿಸಿ, ಬೇರೆ ಮಕ್ಕಳಿಗೂ ಅಂಟುತ್ತೆ."

ಹಾಗೆ ಆ ಮಾತು ನಮ್ಮ ಮನೆಯೊಳಗೆ ಬಂತು. ಬೇದಿ. ಅಲ್ಲಿಂದ ಅದನ್ನೇ ಹೊತ್ತುಕೊಂಡು ತಿರುಗಿದೆವು.

ಬಂಗಾರಪೇಟೆಯ ಕ್ಲಿನಿಕ್ಕಿನ ಬೆಂಚಿನ ಮೇಲೆ ಎರಡು ಗಂಟೆ ಕಾದೆವು. ಪಲ್ಲವಿ ಕೂರಲು ಒಪ್ಪಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಒತ್ತಿಕೊಂಡು ಆಚೆ ಸರಿದಳು. ಒಳಗೆ ಹೋದಾಗ ಡಾಕ್ಟರು "ಏನು?" ಅಂದರು.

"ಬೇದಿ ಸಾರ್."

"ಎಷ್ಟು ದಿನದಿಂದ?"

"ಒಂದ್ ವಾರ."

ಅಷ್ಟರಲ್ಲಿ ಪೆನ್ನು ಓಡುತ್ತಿತ್ತು. ಮೂರನೆಯ ಪ್ರಶ್ನೆ ಬರಲೇ ಇಲ್ಲ. ಮಗುವಿನ ಅಂಗಿ ಎತ್ತಲಿಲ್ಲ, ಹೊಟ್ಟೆ ಮುಟ್ಟಲಿಲ್ಲ, ಅವಳ ಮುಖ ನೋಡಿದರೋ ಇಲ್ಲವೋ ಅದೂ ನನಗೆ ನೆನಪಿಲ್ಲ. ಒಂದು ಇಂಜೆಕ್ಷನ್, ಒಂದು ಕಿತ್ತಳೆ ಬಣ್ಣದ ಸಿರಪ್ಪು. "ಹಾಲು ಬೇಡ, ಸೊಪ್ಪು ಬೇಡ, ಹಣ್ಣು ಬೇಡ. ಬರೀ ಮೊಸರನ್ನ ಕೊಡಿ."

ಹಾಲು ಅಳೆಯುವವಳ ಮನೆಯಲ್ಲಿ ಮಗುವಿಗೆ ಹಾಲು ನಿಂತಿತು.

ಎರಡು ದಿನ ಸೋರುವುದು ಕಡಿಮೆಯಾದಂತೆ ಕಂಡಿತು. ಮೂರನೆಯ ದಿನ ಮತ್ತೆ ಶುರು. ಮತ್ತೆ ಬಸ್ಸು, ಮತ್ತೆ ಬೆಂಚು. ಸಿರಪ್ಪಿನ ಬಣ್ಣ ಬದಲಾಯಿತು. ಇನ್ನೊಬ್ಬ ಡಾಕ್ಟರು ಜಂತುಹುಳ ಅಂದರು, ಹುಳದ ಮಾತ್ರೆ ಕೊಟ್ಟೆವು. ಮತ್ತೊಬ್ಬರು ಶಕ್ತಿ ಸಾಲದು ಎಂದು ಟಾನಿಕ್ಕು ಬರೆದರು. ಬೆರಳುದ್ದದ ಪುಟ್ಟ ಪುಟ್ಟ ಬಾಟಲಿಗಳಲ್ಲಿ ಬರುವ ಹಾಲಿನಂಥ ಔಷಧಿಯೊಂದನ್ನು ತಿಂಗಳುಗಟ್ಟಲೆ ಕುಡಿಸಿದೆವು. ಒಂದು ಸಲ ನನ್ನ ಗಂಡ ಮೆಡಿಕಲ್ ಅಂಗಡಿಯಲ್ಲೇ ಕೇಳಿ ಬೇದಿ ಕಟ್ಟುವ ಮಾತ್ರೆ ತಂದರು. "ದೊಡ್ಡೋರ್ದು, ಅರ್ಧ ಮಾಡಿ ಕೊಡು ಅಂದ್ರು." ಅರ್ಧ ಮಾಡಿ ಕೊಟ್ಟೆ. ನಾನೇ ನನ್ನ ಕೈಯಾರೆ ಕೊಟ್ಟೆ.

ಅತ್ತೆ ತಮ್ಮ ಪಾಲಿನದು ತಾವು ಮಾಡಿದರು. ಓಮದ ಕಷಾಯ, ದೃಷ್ಟಿ ತೆಗೆಯುವುದು, ಮಾವಳ್ಳಿಯ ಪೂಜಾರಿಯ ತಾಯಿತ. ಒಂದು ದಿನ, "ನಮ್ ಕಾಲ್ದಾಗೆ ಒಟ್ಟೆ ಮೇಲೆ ಒಂದ್ ಬರೆ ಎಳದ್ರೆ ನಿಲ್ತಿತ್ತಮ್ಮಾ" ಅಂದರು. ಅಂದು ಮೊದಲ ಸಲ ಅತ್ತೆಗೆ ಎದುರು ಮಾತಾಡಿದೆ. ಆದರೆ ಈಗ ಯೋಚಿಸಿದರೆ, ಬರೆಗೂ ಆ ಇಂಜೆಕ್ಷನ್ನಿಗೂ ನಾನು ಮಾಡಿದ ವ್ಯತ್ಯಾಸವಾದರೂ ಏನು? ಒಂದಕ್ಕೆ ಚೀಟಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಮಗು ಕರಗುತ್ತಾ ಹೋಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಸ್ಕೂಲಿನಲ್ಲಿ ಬಾಗಿಲ ಪಕ್ಕ ಬೇರೆ ಕೂರಿಸುತ್ತಿದ್ದರು. ಹುಡುಗರು ಇಟ್ಟ ಹೆಸರು ‘ನಾತ’. ಹುಟ್ಟುಹಬ್ಬದ ಮಿಠಾಯಿ ಹಂಚುವವರು ಇವಳ ಮುಂದೆ ಬಂದಾಗ ಕೈಗೆ ಕೊಡದೆ ಡೆಸ್ಕಿನ ಮೇಲಿಟ್ಟು ಹೋಗುತ್ತಿದ್ದರಂತೆ. ಇದನ್ನು ಅವಳು ಎರಡು ವರ್ಷ ಕಳೆದ ಮೇಲೆ ಹೇಳಿದಳು.

ಒಂದು ಭಾನುವಾರ ಹಸುವಿನ ಹುಲ್ಲು ಎಳೆಯಲು ಹೋದೆ. ಮೆದೆಯ ಹಿಂದೆ ಸುರುಳಿ ಸುತ್ತಿ ತುರುಕಿದ್ದ ನಾಲ್ಕೈದು ಚಡ್ಡಿ ಸಿಕ್ಕವು. ಒಣಗಿ ಗಟ್ಟಿಯಾಗಿದ್ದವು. ಅವಳನ್ನು ಕರೆದು ಮುಂದೆ ಹಿಡಿದೆ.

"ಗೊತ್ತಾಗಲ್ವೇನೇ ನಿಂಗೆ? ಬತ್ತಾ ಐತೆ ಅಂತ ಗೊತ್ತಾಗಲ್ವಾ?"

"ಗೊತ್ತಾಗಲ್ಲಮ್ಮಾ."

ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಆರು ವರ್ಷದ ಮಗುವಿಗೆ ಗೊತ್ತಾಗದೆ ಇರುತ್ತದೆಯೇ? ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಆ ಚಡ್ಡಿಗಳನ್ನು ಎತ್ತಿಕೊಂಡು ಬಚ್ಚಲ ಕಲ್ಲಿನ ಹತ್ತಿರ ಹೋಗಿ ತಾನೇ ನೀರು ಸುರಿಯತೊಡಗಿದಳು.

ನಮಗೆ ದಾರಿ ತೋರಿಸಿದ್ದು ಒಂದು ಹಸು. ಪಕ್ಕದ ಬೀದಿಯ ಮುನಿಯಪ್ಪನವರ ಹಸು ಮೇವು ಬಿಟ್ಟಿತ್ತು. ದನದ ಡಾಕ್ಟರು ಡೈರಿಗೆ ಬಂದಿದ್ದರಿಂದ ಅಲ್ಲಿಗೇ ಹಿಡಿದು ತಂದರು. ನಾನು ಸಾಯಂಕಾಲದ ಹಾಲಿಗೆ ಪಾತ್ರೆ ತೊಳೆಯುತ್ತಿದ್ದೆ. ಡಾಕ್ಟರು ಹಸುವಿನ ಎಡಗಡೆ ಹೊಟ್ಟೆಗೆ ಮುಷ್ಟಿ ಒತ್ತಿ ಹಿಡಿದರು, ಕಿವಿಗೊಟ್ಟು ಕೇಳಿದರು. ಆಮೇಲೆ ಶುರು ಮಾಡಿದರು. ಸಗಣಿ ಹಾಕಿ ಎಷ್ಟು ಹೊತ್ತಾಯಿತು? ಗಟ್ಟಿಯೋ ನೀರೋ? ಎಷ್ಟು ಸಲ? ಏನು ತಿನ್ನಿಸಿದಿರಿ? ನೀರು ಕುಡಿಯಿತೇ? ಮುನಿಯಪ್ಪ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು.

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟುಬಿಟ್ಟೆ. ಹನ್ನೊಂದು ತಿಂಗಳು. ನಾಲ್ಕು ಜನ ಡಾಕ್ಟರು. ನನ್ನ ಮಗಳ ಬಗ್ಗೆ ಒಬ್ಬರಾದರೂ ಇಷ್ಟು ಕೇಳಲಿಲ್ಲ. ಹೋಗಿ ಅವರ ಮುಂದೆ ನಿಂತೆ.

"ಸಾರ್, ನನ್ ಮಗೀಗೂ ಇಂಗೆ ಒಟ್ಟೆ ಮುಟ್ಟಿ ನೋಡೋರು ಯಾರಾದ್ರೂ ಇದ್ರೆ ಏಳಿ."

ಅವರು ನಗಲಿಲ್ಲ. ಏನಾಗಿದೆ ಎಂದು ಕೇಳಿದರು, ಹೇಳಿದೆ. "ನಾನು ದನದ ಡಾಕ್ಟರು ಕಣಮ್ಮ, ಮಕ್ಕಳ ವಿಷಯ ನಾನು ಹೇಳಬಾರದು" ಅಂದರು. ಆದರೂ ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಆಸ್ಪತ್ರೆಯ ದಾರಿ ಹೇಳಿಕೊಟ್ಟರು. "ಅಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರಿದ್ದಾರೆ. ಲೇಟಾಗುತ್ತೆ, ಆದ್ರೆ ನೋಡ್ತಾರೆ."

ಲೇಟಾಯಿತು ನಿಜ. ಒಬ್ಬೊಬ್ಬರಿಗೂ ಅರ್ಧ ಗಂಟೆ. ಕಾಯುವಾಗಲೇ ಪಲ್ಲವಿಯ ಲಂಗ ಒದ್ದೆಯಾಯಿತು, ಬೆಂಚಿನ ಮೇಲೂ ಆಯಿತು. ನಾನು ನಾಚಿಕೆಯಿಂದ ಸೆರಗಲ್ಲಿ ಒರೆಸಲು ಹೋದೆ. ಅಲ್ಲಿನ ಆಯಾ ಸೆಲ್ವಿ ಬಂದು ನನ್ನ ಕೈ ಹಿಡಿದು ನಿಲ್ಲಿಸಿದಳು. "ಬಿಡಕ್ಕಾ, ಪರವಾಗಿಲ್ಲ. ಆಸ್ಪತ್ರೆ ಅಂದ್ರೆ ಇದುಕ್ಕೇ ತಾನೇ ಇರೋದು." ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಬಿಸಿನೀರಲ್ಲಿ ತೊಳೆದು, ಆಸ್ಪತ್ರೆಯ ಹಸಿರು ಬಟ್ಟೆಯೊಂದನ್ನು ಲುಂಗಿಯ ಹಾಗೆ ಸುತ್ತಿ ಕಳಿಸಿದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಆ ಹನ್ನೊಂದು ತಿಂಗಳಲ್ಲಿ ನನಗೆ ಅಳು ಬಂದದ್ದು ಅಲ್ಲಿ.

ಡಾಕ್ಟರಮ್ಮ ನನ್ನ ಕಡೆ ನೋಡಲೇ ಇಲ್ಲ. "ವಾ ಕಣ್ಣು, ಇಲ್ಲಿ ಬಾ" ಎಂದು ಪಲ್ಲವಿಯನ್ನು ಹತ್ತಿರ ಕರೆದರು.

"ಬೇದಿ ಆಗ್ತಾ..." ಎಂದು ನಾನು ಶುರು ಮಾಡಿದೆ.

"ನೀನು ಇರಮ್ಮ. ಅವಳು ಹೇಳ್ತಾಳೆ." ಮತ್ತೆ ಮಗುವಿಗೆ: "ಸ್ಕೂಲಲ್ಲಿ ಕಕ್ಕ ಬಂದ್ರೆ ಎಲ್ಲಿ ಹೋಗ್ತೀಯ?"

"ಓಗಲ್ಲ."

"ಯಾಕೆ?"

"ಬೀಗ ಆಕಿರ್ತಾರೆ."

"ಆಮೇಲೆ?"

"ಇಡ್ಕೊಂತೀನಿ."

"ಮನೆಗೆ ಬಂದು ಹೋಗ್ತೀಯಾ?"

ಪಲ್ಲವಿ ತಲೆ ಅಲ್ಲಾಡಿಸಿದಳು. "ನೋವಾಗುತ್ತೆ. ಒಂದ್ಸಲ ರಕ್ತ ಬಂತು. ಆಮೇಲಿಂದ ಮನೇಲೂ ಇಡ್ಕೊಂತೀನಿ."

ಇಷ್ಟೂ ಅವಳ ಹೊಟ್ಟೆಯಲ್ಲಿತ್ತು. ಎರಡೂ ಅರ್ಥದಲ್ಲಿ.

ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ನನ್ನ ಕೈ ತೆಗೆದುಕೊಂಡು ಹೊಕ್ಕುಳ ಕೆಳಗೆ ಇಟ್ಟರು. ಬೇಲದ ಕಾಯಿಯ ಹಾಗೆ ಗಟ್ಟಿ ಗಂಟು. ಹನ್ನೊಂದು ತಿಂಗಳು ದಿನವೂ ಸ್ನಾನ ಮಾಡಿಸಿದ್ದೇನೆ, ನನ್ನ ಕೈಗೆ ಅದು ಸಿಕ್ಕಿರಲಿಲ್ಲ.

"ಇದು ಬೇದಿ ಅಲ್ಲಮ್ಮ. ಮಲ ಕಟ್ಟಿಕೊಂಡಿದೆ. ಒಳಗೆ ಗಟ್ಟಿಯಾಗಿ ಕೂತಿದೆ, ಅದರ ಪಕ್ಕದಿಂದ ನೀರು ಸೋರ್ತಾ ಇದೆ. ನೀವು ನೋಡಿದ್ದು ಆ ನೀರು."

"ಅಂಗಾದ್ರೆ ಬೇದಿ ನಿಲ್ಸೋಕೆ ಕೊಟ್ಟಿದ್ದೆಲ್ಲಾ?" ಎಂದು ಹಳೆಯ ಚೀಟಿ, ಉಳಿದ ಮಾತ್ರೆ, ಬಾಟಲಿ ಎಲ್ಲ ಚೀಲದಿಂದ ತೆಗೆದು ಮುಂದಿಟ್ಟೆ.

"ಕಟ್ಟುವ ಮಾತ್ರೆ ಅದನ್ನ ಇನ್ನಷ್ಟು ಕಟ್ಟಿದೆ. ಉಳಿದದ್ದು ಬೇಕೇ ಇರಲಿಲ್ಲ."

ನಾನು ಮೆಲ್ಲಗೆ ಕೇಳಿದೆ, ಬರುವುದು ಗೊತ್ತಾಗುವುದಿಲ್ಲ ಅನ್ನುತ್ತಾಳೆ, ಅದು ನಿಜವೇ ಎಂದು. "ನಿಜ. ಕರುಳು ಅಷ್ಟು ಹಿಗ್ಗಿದ್ರೆ ಯಾರಿಗೂ ಗೊತ್ತಾಗಲ್ಲ. ನಿನಗೂ ನನಗೂ ಗೊತ್ತಾಗಲ್ಲ."

ನನ್ನ ಬಲಗೈಯನ್ನು ಏನು ಮಾಡಬೇಕೋ ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡೆ.

ಅವರು ಮಲ ಮೆತ್ತಗಾಗಲು ನೀರಿಗೆ ಕಲಸಿ ಕುಡಿಸುವ ಒಂದು ಪುಡಿ ಬರೆದರು. ಅಷ್ಟೊತ್ತಿಗೆ ನನಗೆ ಯಾರ ಚೀಟಿಯ ಮೇಲೂ ನಂಬಿಕೆ ಉಳಿದಿರಲಿಲ್ಲ. ಒರಟಾಗಿಯೇ ಕೇಳಿದೆ: "ಅವ್ರೂ ಇಂಗೇ ಬರ್ದ್ರು. ಇದು ಕೆಲ್ಸ ಮಾಡುತ್ತೆ ಅಂತ ನಿಮ್ಗೆ ಎಂಗೆ ಗೊತ್ತು?"

ಹೊರಗೆ ಹೋಗು ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಒಳ್ಳೇ ಪ್ರಶ್ನೆ. ಹೇಳ್ತೀನಿ. ಇಂಥದ್ದೇ ತೊಂದರೆ ಇರೋ ಮಕ್ಕಳನ್ನ ಎರಡು ಗುಂಪು ಮಾಡಿ, ಯಾರು ಯಾವ ಗುಂಪು ಅಂತ ಚೀಟಿ ಎತ್ತಿದ ಹಾಗೆ ಆರಿಸಿ, ಒಂದಕ್ಕೆ ಈ ಪುಡಿ, ಇನ್ನೊಂದಕ್ಕೆ ಔಷಧಿ ಗುಣ ಇಲ್ಲದ ಸುಳ್ಳು ಪುಡಿ, ಇಲ್ಲಾಂದ್ರೆ ಬೇರೆ ಔಷಧಿ ಕೊಟ್ಟು ನೋಡಿದ್ದಾರೆ. ಒಂದು ಕಡೆ ಅಲ್ಲ, ಸುಮಾರು ಕಡೆ. ಅದನ್ನೆಲ್ಲ ಒಟ್ಟು ಮಾಡಿ ತೂಗಿ ನೋಡಿದವರೂ ಇದ್ದಾರೆ. ಮಕ್ಕಳಿಗೆ ಇದರಿಂದ ಅನುಕೂಲ ಆಗಿದೆ."

"ಆ ಪುಟ್ಟ ಬಾಟ್ಲಿಗಳು?"

"ಅದನ್ನೂ ಈ ತೊಂದರೆಗೆ ಕೊಟ್ಟು ನೋಡಿದ್ದಾರೆ. ಉಪಯೋಗ ಆಗುತ್ತೆ ಅಂತ ಹೇಳೋ ಅಷ್ಟು ಸಾಕ್ಷಿ ಸಿಕ್ಕಿಲ್ಲ. ಟಾನಿಕ್ಕು ಇದಕ್ಕೆ ಔಷಧಿನೇ ಅಲ್ಲ. ಇನ್ನೊಂದು ಹೇಳ್ತೀನಿ ಕೇಳು. ಮಕ್ಕಳಿಗೆ ಕೊಡೋ ಎಷ್ಟೋ ಔಷಧಿನ ಮಕ್ಕಳ ಮೇಲೆ ಸರಿಯಾಗಿ ನೋಡೇ ಇಲ್ಲ. ದೊಡ್ಡವರದ್ದನ್ನ ಅರ್ಧ ಮಾಡಿ ಕೊಡ್ತಾರೆ."

ಅರ್ಧ ಮಾಡಿ. ನಾನು ತಲೆ ತಗ್ಗಿಸಿದೆ.

"ಎಷ್ಟು ದಿನಕ್ಕೆ ವಾಸಿ ಆಗುತ್ತೆ?"

"ಅದು ನನಗೆ ಗೊತ್ತಿಲ್ಲ. ಕೆಲವು ಮಕ್ಕಳಿಗೆ ತಿಂಗಳು, ಕೆಲವರಿಗೆ ವರ್ಷ ದಾಟುತ್ತೆ. ಮತ್ತೆ ತಿರುಗಿ ಬರಬಹುದು. ಮೊದಲ ದಿನಗಳು ಇನ್ನೂ ಜಾಸ್ತಿ ಸೋರುತ್ತೆ, ಭಯ ಬೀಳಬೇಡ. ಬೈಯಬೇಡ. ಹೊಡೀಬೇಡ."

‘ಗೊತ್ತಿಲ್ಲ’ ಎಂದು ಒಬ್ಬ ಡಾಕ್ಟರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ವಿಚಿತ್ರವೆಂದರೆ, ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಒಂದು ಮಾತಿನಿಂದ.

ಪುಡಿ ಕುಡಿಸಲು ಶುರು ಮಾಡಿದ ಮೂರು ದಿನ ಮನೆ ರಣರಂಗ. ಹೇಳಿದ ಹಾಗೆಯೇ ಸೋರುವುದು ಜಾಸ್ತಿಯಾಯಿತು. ಗಂಟೆಗೊಂದು ಬಟ್ಟೆ. ನನ್ನ ತಂಗಿಯನ್ನು ಕರೆಸಿ, ಡೈರಿಗೆ ನನ್ನ ಬದಲು ಕಳಿಸಿದೆ. ಮೂರನೆಯ ದಿನ ಮಧ್ಯಾಹ್ನ ಬಟ್ಟೆ ಹಿಂಡಿ ಒಳಗೆ ಬಂದರೆ, ಅತ್ತೆ ಪುಡಿ ಕಲಸಿಟ್ಟಿದ್ದ ಚೊಂಬನ್ನು ಬಚ್ಚಲಿಗೆ ಬಗ್ಗಿಸುತ್ತಿದ್ದಾರೆ.

"ಬೇದಿ ಆಗೋ ಮಗೀಗೆ ಬೇದಿ ಮದ್ದು ಕೊಡ್ತೀಯಲ್ಲೇ! ಸಾಯಿಸ್ಬುಡ್ತೀಯಾ ಕೂಸ್ನ?"

"ಬೇದಿ ಅಲ್ಲ ಅತ್ತೆ! ಬೇದಿ ಅಲ್ಲ, ಬೇದಿ ಅಲ್ಲ!" ಬೀದಿಗೆ ಕೇಳುವ ಹಾಗೆ ಕಿರುಚಿದೆ. ಗಂಡ ಅಡ್ಡ ಬಂದರು, ಅವರಿಗೂ ಅನುಮಾನವೇ. "ಇನ್ನೊಂದ್ ದಿನ ನಿಲ್ಸಿ ನೋಡೋಣ, ಮಂಜುಳಾ" ಅಂದರು. ನಾನು ಅತ್ತೆಯ ಕೈ ಹಿಡಿದು ಎಳೆದುಕೊಂಡು ಹೋಗಿ, ಮಲಗಿದ್ದ ಮಗುವಿನ ಹೊಟ್ಟೆಯ ಮೇಲೆ ಇಟ್ಟೆ. ಅತ್ತೆ ಒತ್ತಿದರು. ಇನ್ನೊಂದು ಸಲ ಒತ್ತಿದರು. ಸೂಲಗಿತ್ತಿಯ ಮಗಳು ಅವರು, ಕೈಗೆ ಹೊಟ್ಟೆ ಗೊತ್ತು. "ದೇವುಡಾ, ಕಲ್ಲ್ ಕಲ್ಲಿದ್ದಂಗೈತೆ" ಅಂದು ಅಲ್ಲೇ ಕುಸಿದು ಕೂತರು. ಚೊಂಬಿಗೆ ಮತ್ತೆ ನೀರು ತುಂಬಿ ತಂದವರು ಅವರೇ.

ನಾಲ್ಕನೆಯ ದಿನ ಬೆಳಿಗ್ಗೆ ಅದು ಬಂತು. ಪಲ್ಲವಿ ನನ್ನ ಕುತ್ತಿಗೆ ಹಿಡಿದು ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಅಷ್ಟು ಸಣ್ಣ ದೇಹ ಅಷ್ಟನ್ನು ಹೇಗೆ ತಡೆದುಕೊಂಡಿತ್ತೋ. ಸಾಯಂಕಾಲದವರೆಗೆ ಹಲವು ಸಲ ಹೋಯಿತು. ಆಮೇಲೆ ತೊಳೆದು ಒರೆಸಿ ಜಗಲಿಯ ಮೇಲೆ ಕೂರಿಸಿದೆ. ಹಸಿವು ಅಂದಳು. ಹಸಿವು ಎಂಬ ಮಾತು ಅವಳ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತು! ಅತ್ತೆ ಬಿಸಿ ಮುದ್ದೆ, ಸೊಪ್ಪಿನ ಉಪ್ಸಾರು ಮುಂದಿಟ್ಟರು. ಇನ್ನೂ ಹಾಕು ಎಂದು ತಟ್ಟೆ ಚಾಚಿದಳು.

ವಾಸಿ ಅಂದುಕೊಂಡು ಎರಡು ತಿಂಗಳಿಗೆ ಪುಡಿ ನಿಲ್ಲಿಸಿದ್ದು ನಮ್ಮ ತಪ್ಪು. ದಸರಾ ರಜೆ ಮುಗಿಯುವಷ್ಟರಲ್ಲಿ ಹೊಟ್ಟೆ ಮತ್ತೆ ಗಟ್ಟಿ. ಡಾಕ್ಟರಮ್ಮ ಬೈಯಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿಸಿದರು. ಒಟ್ಟು ಒಂದೂವರೆ ವರ್ಷ. ದಿನವೂ ಊಟವಾದ ಮೇಲೆ ಹತ್ತು ನಿಮಿಷ ಕಕ್ಕಸಿಗೆ ಕೂರಿಸುವುದು, ಬಂದರೂ ಬರದಿದ್ದರೂ ಸುಮ್ಮನಿರುವುದು. ಅತ್ತೆ ಬಾಗಿಲ ಹೊರಗೆ ಕೂತು ತೆಲುಗಿನ ಕಥೆ ಹೇಳುತ್ತಿದ್ದರು.

ಮಗಳು ಚೇತರಿಸಿಕೊಂಡಂತೆ ನನ್ನ ಸಿಟ್ಟು ಬೆಳೆಯಿತು. ಒಂದು ದಿನ ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು ಬಂಗಾರಪೇಟೆಯ ಆ ಮೊದಲ ಕ್ಲಿನಿಕ್ಕಿಗೆ ಹೋದೆ. ಅದೇ ಬೆಂಚು, ಅದೇ ಜನ. ನನ್ನ ಸರದಿ ಬಂದಾಗ ಎಲ್ಲ ಹೇಳಿದೆ. ಡಾಕ್ಟರು ಕೇಳಿಸಿಕೊಂಡರು, ಅದಕ್ಕೆ ಅವರನ್ನು ಮೆಚ್ಚಬೇಕು. ಆಮೇಲೆ ಅಂದರು: "ನೋಡಮ್ಮ, ನೀವು ಬೇದಿ ಅಂದ್ರಿ, ನಾನು ಬೇದಿಗೆ ಬರೆದೆ. ಹೊರಗೆ ಎಷ್ಟು ಜನ ಇದ್ದಾರೆ ನೋಡಿದ್ರಲ್ಲ. ಏನೂ ಬರೀದೆ ಕಳಿಸಿದ್ರೆ ನೀವೇ ಇನ್ನೊಬ್ಬ ಡಾಕ್ಟ್ರ ಹತ್ರ ಹೋಗ್ತೀರಿ."

ಅದು ಸುಳ್ಳಲ್ಲ. ಇಂಜೆಕ್ಷನ್ ಹಾಕಿಸಿಕೊಳ್ಳದೆ ಬಂದರೆ ಡಾಕ್ಟರು ಸರಿಯಾಗಿ ನೋಡಲಿಲ್ಲ ಎಂದು ಗೊಣಗುವ ಪೈಕಿ ನಾನೂ ಒಬ್ಬಳಾಗಿದ್ದೆ. ಆದರೂ ಸಿಟ್ಟು ಇಳಿಯಲಿಲ್ಲ.

"ಸಾರ್, ನಾನು ಡೈರೀಲಿ ಕೆಲ್ಸ ಮಾಡ್ತೀನಿ. ತಂದೋರು ಆಲು ಅಂತಾರೆ. ಅವ್ರು ಅಂದ್ರು ಅಂತ ನಾನು ಆಲು ಅಂತ ಬರ್ಕೊಳಲ್ಲ. ಅಳತೆ ಕಡ್ಡಿ ಬುಟ್ಟು ನೋಡ್ತೀನಿ. ಉದ್ದಕ್ಕೂ ಜನ ನಿಂತಿದ್ರೂ ನೋಡ್ತೀನಿ. ನೀವು ಒಂದ್ ಕೈ ಒಟ್ಟೆ ಮೇಲೆ ಇಡ್ಬೌದಿತ್ತು."

ಕಾಂಪೌಂಡರು ಮುಂದಿನವರ ಹೆಸರು ಕೂಗಿದ.

ಸ್ಕೂಲಿನ ಬೀಗ ಉಳಿದಿತ್ತು. ಪೋಷಕರ ಸಭೆಗೆ ಹೋಗಿ ಕಕ್ಕಸಿಗೆ ಯಾಕೆ ಬೀಗ ಎಂದು ಕೇಳಿದೆ. ಗಂಡಸರು ಕಿಸಕ್ಕೆಂದರು. ಹೆಡ್‌ಮಾಸ್ಟರು, "ತೆಗೆದಿಟ್ರೆ ಗಲೀಜು ಮಾಡ್ತಾರಮ್ಮ, ಕ್ಲೀನ್ ಮಾಡೋರು ಯಾರು? ನೀರೂ ಇಲ್ಲ" ಅಂದರು.

"ನಿಮ್ ಕಕ್ಕಸ್ಗೂ ಬೀಗ ಐತೆ ಸಾರ್, ಅದರ ಕೀ ನಿಮ್ಮತ್ರ ಐತೆ. ಮಕ್ಕಳ ಕಕ್ಕಸ್ಗೂ ಬೀಗ ಐತೆ, ಅದರ ಕೀನೂ ನಿಮ್ಮತ್ರನೇ ಐತೆ. ನೀವು ಬೆಳಿಗ್ಗೆಯಿಂದ ಸಾಯಂಕಾಲದ ಗಂಟ ಇಡ್ಕೊಂತೀರಾ?"

ನಗು ನಿಂತಿತು. ಆಗ ಹಿಂದಿನಿಂದ ನನ್ನ ಗಂಡ ಎದ್ದು ನಿಂತರು. ಮಗಳ ಕಾಯಿಲೆಯ ಹೆಸರನ್ನು ಸ್ನೇಹಿತರ ಮುಂದೆ ಒಂದು ದಿನವೂ ಎತ್ತದ ಮನುಷ್ಯ. "ಬಾಗ್ಲು, ನೆಲ, ಗಾರೆ ನಾನ್ ಆಕ್ಕೊಡ್ತೀನಿ ಸಾರ್. ನೀರ್ ನೀವ್ ಬುಡ್ಸಿ" ಅಂದರು. ಎರಡು ಭಾನುವಾರ ಕೂತು ಮಾಡಿಕೊಟ್ಟರು. ಬೀಗ ತೆಗೆದರು. ನೀರು ಇವತ್ತಿಗೂ ವಾರದಲ್ಲಿ ಮೂರು ದಿನ ಬಂದರೆ ಹೆಚ್ಚು. ಆ ಜಗಳ ಇನ್ನೂ ನಡೆಯುತ್ತಿದೆ.

ಅವತ್ತು ಸಭೆ ಮುಗಿಸಿ ಹೊರಟಾಗ ಕೊಳಾಯಿಯ ಹತ್ತಿರ ಮೂವರು ಹೆಂಗಸರು ನನಗಾಗಿ ಕಾಯುತ್ತಿದ್ದರು. ಸುತ್ತ ನೋಡಿ, ದನಿ ತಗ್ಗಿಸಿ, ಒಬ್ಬಳು ಅಂದಳು: "ಅಕ್ಕಾ, ನಮ್ ಪಾಪೂಗೂ ಅಂಗೇ ಸೋರುತ್ತೆ." ಇನ್ನೊಬ್ಬಳ ಮಗಳಿಗೆ ಹೊಟ್ಟೆನೋವು, ದಿನಾ ಸಿರಪ್ಪು. ಮೂರನೆಯವಳು, ಎಲ್ಲರಿಗಿಂತ ಚಿಕ್ಕವಳು, ಪುಡಿಯ ಹೆಸರು ಹೇಳು ಅಂದಳು.

ಹೇಳಲಿಲ್ಲ. ಹೆಸರು ಕೇಳಿ ಅಂಗಡಿಯಿಂದ ತಂದು ಕೊಟ್ಟೇ ನಾನು ಕೆಟ್ಟದ್ದು. "ಮಗೀನ ಕರ್ಕೊಂಡು ಡಾಕ್ಟ್ರತ್ರ ಓಗು. ಒಟ್ಟೆ ಮುಟ್ಟಿ ನೋಡಿ ಅನ್ನು. ಏನಾರ ಬರ್ದ್ರೆ, ಇದು ಕೆಲ್ಸ ಮಾಡುತ್ತೆ ಅಂತ ನಿಮ್ಗೆ ಎಂಗೆ ಗೊತ್ತು ಅಂತ ಕೇಳು" ಅಂದೆ.

ಅವಳ ಕಣ್ಣು ಅಗಲವಾಯಿತು. "ಅಂಗೆಲ್ಲಾ ಕೇಳಿದ್ರೆ ಡಾಕ್ಟ್ರು ಬೈಯಲ್ವೇನಕ್ಕಾ?"

"ಬೈತಾರೆ," ಅಂದೆ. "ಬೈಸ್ಕೊಂಡು ಕೇಳು."